ಆರು ಚಮಚ ಡಿಕಾಕ್ಷನ್

ಈ ಪರದೇಶದಲ್ಲಿ, ಕ್ಯಾನ್ಯನ್ ಪಾರ್ಕ್ ಅನ್ನೋ ಕಡೆ ಆಫೀಸುಗಳ ಪಕ್ಕದಲ್ಲಿರೋ ನಮ್ಮ ಟಿಫಿನ್ ಅಂಗಡಿಯಲ್ಲಿ ದೋಸೆ ನಂದು, ಕಾಫಿ ದೇವೀರಮ್ಮಂದು. ಚಿಕ್ಕಮಗಳೂರು ಕಡೆಯವರು, ಅರವತ್ತರ ಹತ್ತಿರ ವಯಸ್ಸು. ಬೆಳಿಗ್ಗೆ ಸಾಲಾಗಿ ಆರು ಫಿಲ್ಟರ್ ಇಡುತ್ತಾರೆ. ಒಂದೊಂದು ಇಳಿದಾಗಲೂ ಒಂದು ಚಮಚ ಬಾಯಿಗೆ ಬಿಟ್ಟುಕೊಂಡು ಕಣ್ಣು ಮುಚ್ಚುತ್ತಾರೆ. ತಲೆ ಆಡಿಸಿದರೆ ಗಿರಾಕಿಗೆ, ಇಲ್ಲದಿದ್ದರೆ ಸಿಂಕಿಗೆ. ಫಿಲ್ಟರ್ ಹತ್ತಿರ ನನ್ನ ಕೈ ಹೋದರೆ ಸೌಟಿನ ಏಟು. ಊರಿಗೆಲ್ಲ ಕೂಗಾಡೋ ನಾನು ಅವರ ಮುಂದೆ ಮಾತ್ರ ಬಾಯಿ ಮುಚ್ಚುತ್ತಿದ್ದೆ.

೨೦೧೪ರ ಚಳಿಗಾಲದಲ್ಲಿ ಹಾಲಿನ ಕ್ಯಾನ್ ಎತ್ತುವಾಗ ಅವರಿಗೆ ಎದೆ ಹಿಡಿದುಕೊಳ್ಳೋಕೆ ಶುರುವಾಯಿತು. ಗ್ಯಾಸು ಅಂತ ಜೀರಿಗೆ ನೀರು ಕುಡಿದು ಒಂದು ತಿಂಗಳು ದೂಡಿದರು. ಕೊನೆಗೆ ತೋರಿಸಿದಾಗ ಡಾಕ್ಟರು, "ಹೃದಯಕ್ಕೆ ರಕ್ತ ಸರಿಯಾಗಿ ಹೋಗ್ತಿದೆಯಾ ನೋಡ್ಬೇಕು. ಟೆಸ್ಟಿನ ಹಿಂದಿನ ದಿನದಿಂದ ಕಾಫಿ, ಟೀ ಬೇಡ" ಅಂದರಂತೆ. ಟೆಸ್ಟಿನ ದಿನ ಅವರ ಮಗಳು ಭಾವನಾಗೆ ರಜೆ ಸಿಗಲಿಲ್ಲ. ಬೆಳಗಿನ ವ್ಯಾಪಾರ ಮುಗಿಸಿ ನಾನೇ ಅವರನ್ನು ಕಾರಲ್ಲಿ ಆಸ್ಪತ್ರೆಗೆ ಕರೆದುಕೊಂಡು ಹೋದೆ.

ನರ್ಸ್ ಅನುಶ್ರೀ ಮೈಸೂರಿನವಳು. "ಅಮ್ಮ, ನಿನ್ನೆಯಿಂದ ಕಾಫಿ ಕುಡಿದಿಲ್ಲ ತಾನೇ?"

"ಒಂದು ಗುಟುಕೂ ಇಲ್ಲ ಮಗಾ."

ನನಗೆ ಬೆಳಗಿನ ಚಮಚ ನೆನಪಾಯಿತು. "ರುಚಿ ನೋಡಿದ್ರಲ್ಲ ದೇವೀರಕ್ಕ!"

"ಉಪ್ಪು ನೋಡಿದೋರು ಊಟ ಮಾಡಿದಂಗೇನೋ ಕೇಶವ?"

"ಆರು ಚಮಚ! ಅದೂ ಗಟ್ಟಿ ಡಿಕಾಕ್ಷನ್ನು! ಜೀವ ಬೇಕೋ ಬೇಡ್ವೋ ನಿಮಗೆ?" ಆಸ್ಪತ್ರೆಗೆಲ್ಲ ಕೇಳೋ ಹಾಗೆ ಕೂಗಿಬಿಟ್ಟೆ. ಅವರ ಮುಖ ಸಣ್ಣದಾಯಿತು.

ಅನುಶ್ರೀ ಮೊದಲು ನನ್ನನ್ನು ಗದರಿ ಕೂರಿಸಿದಳು. ಆಮೇಲೆ ಹೇಳಿದಳು: "ಅಡೆನೋಸಿನ್ ಅಂತ ಔಷಧಿನ ಡ್ರಿಪ್ಪಲ್ಲಿ ಬಿಡ್ತೀವಿ ಅಮ್ಮ. ಅದು ಕೂರೋಕೆ ಹೃದಯದ ರಕ್ತನಾಳದಲ್ಲಿ ಜಾಗಗಳಿವೆ, ರಿಸೆಪ್ಟರ್ ಅಂತಾರೆ. ಕೂತರೆ ಚೆನ್ನಾಗಿರೋ ನಾಳ ಅಗಲ ಆಗಿ ರಕ್ತ ಜಾಸ್ತಿ ಹರಿಯುತ್ತೆ. ಕಟ್ಟಿಕೊಂಡಿರೋದು ಹಿಂದೆ ಬೀಳುತ್ತೆ, ಸ್ಕ್ಯಾನ್ ಫೋಟೋದಲ್ಲಿ ಸಿಕ್ಕಿಬೀಳುತ್ತೆ. ಕಾಫಿ ಹೋಗಿ ಆ ಜಾಗದಲ್ಲಿ ಮೊದಲೇ ಕೂತುಬಿಡುತ್ತೆ."

"ಬಸ್ಸಲ್ಲಿ ಕಿಟಕಿಯಿಂದ ಟವೆಲ್ ಹಾಕಿದಂಗೆ?" ಅಂದರು ದೇವೀರಕ್ಕ.

"ಹಂಗೇ! ಟವೆಲ್ಲು ಸೀಟು ಹಿಡಿಯುತ್ತೆ, ಕೆಲಸ ಮಾಡಲ್ಲ. ರೋಗ ಇದ್ರೂ ಇಲ್ಲ ಅಂತ ಬರಬಹುದು."

ಎರಡು ದಿನ ಬಿಟ್ಟು ಬನ್ನಿ ಅಂದಳು. ಆ ಎರಡು ದಿನ ದೇವೀರಕ್ಕ ಸ್ಟೂಲ್ ಹಾಕಿಕೊಂಡು ಬಾಗಿಲ ಹತ್ತಿರ ಕೂತರು. ಚಮಚ ನನ್ನ ಕೈಗೆ ಬಂತು.

"ಹೆಂಗಿದೆ?"

"ಕಹಿ."

"ಎಂಥಾ ಕಹಿಯೋ? ಕಾಫಿ ಕಹಿಯಾ, ಸುಟ್ಟ ಕಹಿಯಾ?"

"...ಸುಟ್ಟಿದ್ದು."

"ಚೆಲ್ಲು. ಬಾಯಿ ಜೋರು, ನಾಲಿಗೆ ಸೊನ್ನೆ!"

ಟೆಸ್ಟಿನ ದಿನ ಔಷಧಿ ಹೋದಾಗ ಮುಖ ಬಿಸಿಯಾಗಿ, ಎದೆ ಮೇಲೆ ಅಕ್ಕಿ ಮೂಟೆ ಇಟ್ಟಂಗಾಯ್ತಂತೆ. ಡ್ರಿಪ್ ನಿಲ್ಲಿಸಿದ ಮೇಲೆ ನಿಮಿಷದಲ್ಲಿ ಇಳೀತು. ಫೋಟೋದಲ್ಲಿ ಹೃದಯದ ಒಂದು ಕಡೆ ಮಂಕಾಗಿ ಕಂಡಿತು. ಆಮೇಲೆ ಆಂಜಿಯೋಗ್ರಾಂ ಮಾಡಿ ನೋಡಿದರೆ ಒಂದೇ ನಾಳ, ಮುಕ್ಕಾಲು ಕಟ್ಟಿತ್ತು. ಮುಂದಿನ ವಾರವೇ ಅದನ್ನು ತೆರೆದಿಡೋಕೆ ಸ್ಟೆಂಟ್ ಹಾಕಿದರು.

ಎರಡು ತಿಂಗಳಾದ ಮೇಲೆ ಒಂದು ಬೆಳಿಗ್ಗೆ ಪಾರ್ಕಿಂಗಿನಿಂದ ನಡೆದುಕೊಂಡೇ ಒಳಗೆ ಬಂದರು, ಏದುಸಿರಿಲ್ಲ. ದಿನಕ್ಕೆ ಒಂದು ಕಾಫಿಗೆ ಡಾಕ್ಟರ ಒಪ್ಪಿಗೆಯೂ ಸಿಕ್ಕಿತ್ತು. ನಾನು ಹಾಕಿಟ್ಟ ಮೊದಲ ಫಿಲ್ಟರಿಗೆ ಚಮಚ ಅದ್ದಿ ಕಣ್ಣು ಮುಚ್ಚಿದರು. ನಾನು ಸಿಂಕಿನ ಕಡೆ ನೋಡಿದೆ.

ತಲೆ ಆಡಿಸಿದರು.

"ಉಳಿದ ಐದು ನೀನೇ ನೋಡು. ಹಾಲಿನ ಕ್ಯಾನೂ ನೀನೇ ಎತ್ತು, ಕೂಗಾಡೋಕೆ ಉಸಿರಿದೆಯಲ್ಲ."