ಮುದ್ದೆ ಗೋಪಾಲಪ್ಪ ಉಳಿಸಿಕೊಂಡ ತುತ್ತು

ಅನುಗೊಂಡನಹಳ್ಳಿಯ ಗೋಪಾಲಪ್ಪನ ಗಂಟಲು ಸುತ್ತಲ ಹತ್ತೂರಿಗೂ ಪರಿಚಿತ. ಮುದ್ದೆ ನುಂಗುವ ಪಂದ್ಯದಲ್ಲಿ ಅವನು ಟಗರು ಗೆದ್ದ ದಿನ ಇಡೀ ಹೋಬಳಿಯ ರಾಗಿ ಹೆದರಿಕೊಂಡು ಮೂಟೆಯೊಳಗೇ ಮುದುರಿಕೊಂಡಿತಂತೆ. ಅವನು ಉಣ್ಣುವುದನ್ನು ಕಂಡವರಿಲ್ಲ. ತಟ್ಟೆಯಲ್ಲಿ ಮುದ್ದೆ ಇತ್ತು, ಆಮೇಲೆ ಇರಲಿಲ್ಲ, ಅಷ್ಟೆ.

ಅಂಥವನ ಮಗಳು ಅರ್ಪಿತ, ಹತ್ತನೇ ಕ್ಲಾಸಿನ ಹುಡುಗಿ, ಶಾಲೆಯ ಪ್ರಾರ್ಥನೆಯ ಸಾಲಿನಲ್ಲಿ ಕುಸಿದು ಬಿದ್ದಳು. ಹೊಸಕೋಟೆಯ ಡಾಕ್ಟರು ನೋಡಿ, ದಪ್ಪಗಾಗುವ ಭಯವೇ ಕಾಯಿಲೆಯಾಗಿ ಹಿಡಿದಿದೆ, ತಿಂಗಳುಗಳಿಂದ ಸರಿಯಾಗಿ ಉಂಡಿಲ್ಲ, ತೂಕ ಇನ್ನೂ ಇಳಿದರೆ ಎದೆಬಡಿತಕ್ಕೇ ಅಪಾಯ, ಆಗ ಆಸ್ಪತ್ರೆಗೆ ಸೇರಿಸಲೇಬೇಕು ಎಂದರು. ಅಲ್ಲಿನ ಕೌನ್ಸೆಲರ್ ಅನುಸೂಯಮ್ಮ, ನಿನ್ನೆ ಮಗಳು ಏನು ಉಂಡಳು ಎಂದು ಕೇಳಿದರು.

ಗೋಪಾಲಪ್ಪನಿಗೆ ಗೊತ್ತಿರಲಿಲ್ಲ. ಅವನ ಮನೆಯಲ್ಲಿ ಗಂಡಸಿನ ಊಟ ಮೊದಲು, ಹೆಂಗಸರದು ಆಮೇಲೆ, ಒಳಗೆ. ಹೆಂಡತಿ ಅಂಜಿನಮ್ಮ ಒಲೆಯ ಮುಂದೆ ನಿಂತೇ ನಾಲ್ಕು ತುತ್ತು ತಿನ್ನುವವಳು. ಮಗಳು ಆಗಲೇ ಉಂಡೆ ಎಂದರೆ ನಂಬುವವಳು. ಟಗರು ಏನು ಮೇಯಿತೆಂದು ದಿನಾ ನೋಡುತ್ತಿದ್ದವನು ಮಗಳು ಉಂಡದ್ದನ್ನು ಕಣ್ಣಾರೆ ಕಂಡದ್ದು ಅವಳು ಕೂಸಾಗಿದ್ದಾಗ.

ಅನುಸೂಯಮ್ಮ ಬೈಯಲಿಲ್ಲ. ತಪ್ಪು ಯಾರದೂ ಅಲ್ಲ, ಆದರೆ ಔಷಧಿ ಮಾತ್ರ ನೀವೇ ಎಂದರು. ಮೂರು ಹೊತ್ತೂ ಒಟ್ಟಿಗೆ ಕೂರಬೇಕು. ಎಷ್ಟು ಬಡಿಸಬೇಕೆಂದು ಅಪ್ಪ ಅಮ್ಮನೇ ತೀರ್ಮಾನಿಸಬೇಕು. ಅವಳು ಮುಗಿಸುವವರೆಗೆ ಯಾರೂ ಏಳಬಾರದು, ರೇಗಬಾರದು.

ಮೊದಲ ಮಧ್ಯಾಹ್ನ ಅಂಜಿನಮ್ಮ ಗಂಡನ ಸಾಲಿನಲ್ಲಿ ಕೂರಲು ನಾಚಿ, ಚಾಪೆಯ ಅಂಚಿಗೆ ಅರ್ಧ ಕೂತಳು. ಗೋಪಾಲಪ್ಪ ಅಭ್ಯಾಸಬಲದಿಂದ ಮುದ್ದೆ ಮಾಯ ಮಾಡಿ ಕೈ ತೊಳೆಯಲು ಎದ್ದೇಬಿಟ್ಟ. ಹಿರಿಯ ಎದ್ದ ಮೇಲೆ ಪಂಕ್ತಿ ಮುಗಿದಂತೆಯೇ. ಅರ್ಪಿತಳೂ ಎದ್ದಳು. ಅವಳ ತಟ್ಟೆಯಲ್ಲಿ ಬೆರಳಿನ ಗುರುತೂ ಇರಲಿಲ್ಲ.

ಅಂದಿನಿಂದ ಅವನು ಮುದ್ದೆಯನ್ನು ಗೋಲಿಯಷ್ಟು ಮುರಿದು ಅಗಿಯತೊಡಗಿದ. ಮುದ್ದೆ ಅಗಿಯುವುದೆಂದರೆ ಆ ಸೀಮೆಯಲ್ಲಿ ಮಾನ ಕಳೆದುಕೊಂಡಂತೆ. ಪಂದ್ಯ ಇಟ್ಟವರಿಗೆ ತಿಳಿದಿದ್ದರೆ ಗೆದ್ದ ಟಗರನ್ನು ವಾಪಸು ಕೇಳುತ್ತಿದ್ದರು.

ಶುಕ್ರವಾರ ಆಸ್ಪತ್ರೆಯ ತಕ್ಕಡಿಯಲ್ಲಿ ಅರ್ಪಿತಳ ತೂಕ ಏರಿರಲಿಲ್ಲ, ಇಳಿದೂ ಇರಲಿಲ್ಲ. ಇನ್ನೊಂದು ವಾರ ನೋಡೋಣ ಎಂದು ಮನೆಗೆ ಕಳಿಸಿದರು.

ಮಧ್ಯಾಹ್ನ ಮತ್ತೆ ಚಾಪೆ ಹಾಸಿದರು. ಸಾರು ತಣ್ಣಗಾಗಿ ಮೇಲೆ ಕೆನೆ ಕಟ್ಟಿತು. ಅರ್ಪಿತ ಗೋಡೆ ನೋಡುತ್ತ, “ಅಪ್ಪ, ನೀನು ಎದ್ದೋಗು. ನೀನು ಕೂತಿದ್ರೆ ನಂಗೆ ಗಂಟಲಲ್ಲಿ ಇಳಿಯಲ್ಲ,” ಎಂದಳು.

“ಅವತ್ತು ಎದ್ದೋದಾಗ್ಲೂ ಇಳಿದಿರ್ಲಿಲ್ವಲ್ಲಮ್ಮ,” ಎಂದ ಗೋಪಾಲಪ್ಪ. “ನಂದೂ ಇನ್ನೂ ಆಗಿಲ್ಲ ಕಣವ್ವ. ನಿಧಾನಕ್ಕೆ ಉಣ್ಣು.”

ಅವಳು ಒಂದು ಗೋಲಿಯಷ್ಟು ಮುರಿದಳು. ಬಾಯಿಗಿಡಲಿಲ್ಲ, ಕೆಳಗೂ ಇಡಲಿಲ್ಲ. ಹೋಬಳಿಯ ರಾಗಿಯನ್ನೆಲ್ಲ ನಡುಗಿಸಿದ್ದವನು ತಟ್ಟೆಯ ಮೂಲೆಯಲ್ಲಿ ಒಂದು ತುತ್ತು ಉಳಿಸಿಕೊಂಡು, ಒಣಗಿದ ಕೈ ಹಾಗೇ ಹಿಡಿದು, ಕೂತೇ ಇದ್ದ.