ಇಡೀ ಶಾಲೆಗೆ ತಂಗಿ

ಚಿಕ್ಕವಳಿಗೆ ಅಪ್ಪ ಅಮ್ಮ ಇಟ್ಟ ಹೆಸರೊಂದು ಇದ್ದೇ ಇತ್ತು. ಹಾಜರಿ ಕೂಗುವಾಗ ಬಿಟ್ಟರೆ ಶಾಲೆಯಲ್ಲಿ ಅದನ್ನು ಯಾರೂ ಬಾಯಿಗೆ ತಂದವರಲ್ಲ. ಅವಳು ಎಲ್ಲರಿಗೂ ‘ತಂಗಿ’. ಮೇಷ್ಟ್ರುಗಳಿಗೆ ತಂಗಿ, ಗಂಟೆ ಹೊಡೆಯುವ ಜವಾನನಿಗೆ ತಂಗಿ, ಕೊನೆಗೆ ಮೂಗು ಒರೆಸಿಕೊಳ್ಳಲೂ ಬಾರದ ಒಂದನೇ ಕ್ಲಾಸಿನ ಪಿಳ್ಳೆಗಳಿಗೂ ತಂಗಿ. ಅಕ್ಕರೆಯಿಂದ ಕರೆಯುತ್ತಿದ್ದರು ಎಂದುಕೊಂಡರೆ ತಪ್ಪು. ಅವಳಿಗಿಂತ ಎರಡು ವರ್ಷ ದೊಡ್ಡವಳಾದ ಅಕ್ಕ ಅದೇ ಶಾಲೆಯಲ್ಲಿ ಓದಿ, ಸಿಕ್ಕ ಬಹುಮಾನವನ್ನೆಲ್ಲ ಬಾಚಿಕೊಂಡು ಹೋಗಿದ್ದಳು. ಉಳಿದದ್ದು ಇವಳು, ಆ ಅಕ್ಕನ ತಂಗಿ.

ಮನೆಯಲ್ಲಾದರೂ ಬಿಡುಗಡೆ ಉಂಟೇ ಎಂದರೆ ಅದೂ ಇಲ್ಲ. ಅಪ್ಪನದು ಕನ್ನಡಕದ ಅಂಗಡಿ. ಕಣ್ಣು ಪರೀಕ್ಷೆ ಮಾಡುವ ಅಕ್ಷರದ ಹಲಗೆಯ ಪಕ್ಕದಲ್ಲೇ ಪದಕ ತೊಟ್ಟ ಅಕ್ಕನ ಫೋಟೋ. ಬಂದವರು ಅಕ್ಷರ ಓದಲು ತಡವರಿಸಿದರೆ ಅಪ್ಪ ಕೇಳುತ್ತಿದ್ದರು, “ಹೋಗ್ಲಿ, ಪಕ್ಕದಲ್ಲಿ ಇರೋದು ಯಾರು ಅಂತಾದ್ರೂ ಕಾಣುತ್ತಾ? ನನ್ನ ದೊಡ್ಡ ಮಗಳು.” ಅರೆಗುರುಡರಿಗೂ ಅಕ್ಕ ಕಾಣಲೇಬೇಕು.

ಅಕ್ಕನ ಯೂನಿಫಾರ್ಮು, ಅಕ್ಕನ ಚೀಲ, ಅಕ್ಕ ಗೆರೆ ಎಳೆದಿಟ್ಟ ಪುಸ್ತಕಗಳು. ಉತ್ತರ ಸರಿಯಾದರೆ ಅದು ಅಕ್ಕನ ಪುಸ್ತಕದ ಪುಣ್ಯ. ತಪ್ಪಾದರೆ, ಅಂಥ ಪುಸ್ತಕ ಇದ್ದೂ ತಪ್ಪಾ ಎಂಬ ಬೈಗುಳ. ಅಕ್ಕ ಕೆಟ್ಟವಳಾಗಿದ್ದರೆ ಎಷ್ಟೋ ನೆಮ್ಮದಿಯಿತ್ತು, ಮನಸಾರೆ ಹಲ್ಲು ಕಡಿಯಬಹುದಿತ್ತು. ಆ ಪುಣ್ಯಾತ್ಗಿತ್ತಿ ಒಂದು ದಿನವೂ ಜಂಬ ಕೊಚ್ಚಿಕೊಂಡವಳಲ್ಲ. ಇವಳ ಹರಿದ ಚೀಲಕ್ಕೆ ಹೊಲಿಗೆ ಹಾಕಿಕೊಡುತ್ತಿದ್ದವಳೂ ಅವಳೇ. ಚಿಕ್ಕವಳಿಗೆ ಅದರಿಂದ ಇನ್ನಷ್ಟು ಮೈ ಉರಿಯುತ್ತಿತ್ತು.

ಆ ಶಾಲೆಯಲ್ಲಿ ಅವಳದೇ ಎನ್ನುವಂಥದ್ದು ಒಂದೇ ಒಂದು ನಡೆದಿತ್ತು. ಆರನೇ ಕ್ಲಾಸಿನಲ್ಲಿ ಮಾತಾಡಿದ ತಪ್ಪಿಗೆ ಮೇಷ್ಟ್ರು ಅವಳನ್ನು ಹೊರಗೆ ನಿಲ್ಲಿಸಿದರು. ವರಾಂಡದ ಗೋಡೆ ಗಡಿಯಾರ ಅವತ್ತು ನಿಂತುಹೋಗಿತ್ತು. ಜವಾನ ಗಂಟೆ ಹೊಡೆಯುತ್ತಿದ್ದದ್ದು ಅದನ್ನೇ ನೋಡಿ. ಸುತ್ತ ಯಾರೂ ಇಲ್ಲದ್ದು ನೋಡಿ ಚಿಕ್ಕವಳು ಸ್ಟೂಲು ಹತ್ತಿದಳು, ಹಿಂದಿನ ಮುಚ್ಚಳ ಬಿಚ್ಚಿ ಧೂಳು ಊದಿದಳು, ಕಣ್ಣಿಗೆ ಬಿದ್ದ ಒಂದು ತಿರುಪು ತಿರುಗಿಸಿ, ಮುಳ್ಳುಗಳನ್ನು ಅಂದಾಜಿನ ಮೇಲೆ ಸರಿಮಾಡಿ ಮೊದಲಿದ್ದ ಹಾಗೆ ನೇತುಹಾಕಿದಳು. ಗಡಿಯಾರ ಓಡಿತು. ಎಂಥಾ ಓಟ! ಸಂಜೆಯ ಹೊತ್ತಿಗೆ ಅರ್ಧ ಗಂಟೆ ಮುಂದೆ ಹೋಗಿತ್ತು. ಜವಾನ ಮನೆಗೆ ಬಿಡುವ ಗಂಟೆ ಬಾರಿಸಿಯೇಬಿಟ್ಟ. ಇನ್ನೂ ಬಿಸಿಲಿರುವಾಗಲೇ ಇಡೀ ಶಾಲೆ ಹೋ ಎಂದು ಗೇಟು ದಾಟಿ ಓಡಿತು. ಯಾರ ಕೈಚಳಕ ಎಂದು ಯಾರಿಗೂ ತಿಳಿಯಲಿಲ್ಲ. ಕೇಳಿದಾಗಲೂ ಚಿಕ್ಕವಳು ಕಣ್ಣು ಮಿಟುಕಿಸದೆ “ನಂಗೇನು ಗೊತ್ತು?” ಅಂದಿದ್ದಳು. ಆದರೆ ಅವತ್ತಿನಿಂದ ಅವಳ ತಲೆಯೊಳಗೆ ಒಂದೇ ಹುಳ: ಯಂತ್ರಗಳನ್ನು ಬಿಚ್ಚಿ ಜೋಡಿಸುವುದನ್ನು ಕಲಿಯಬೇಕು. ಪೇಟೆಯ ಆಚೆ ತುದಿಯಲ್ಲಿ ವರ್ಕ್‌ಶಾಪ್ ಇದ್ದ ಹೈಸ್ಕೂಲೊಂದಿತ್ತು. ಅಲ್ಲಿ ಒಂಬತ್ತನೇ ಕ್ಲಾಸಿನಿಂದಲೇ ಮಕ್ಕಳ ಕೈಗೆ ಸ್ಪ್ಯಾನರು ಕೊಡುತ್ತಾರಂತೆ. ಇನ್ನೂ ಒಂದು ಸುಖವೆಂದರೆ, ಅಕ್ಕ ಓದಿದ್ದು ಅಲ್ಲಲ್ಲ.

ಶಾಲೆ ಇದ್ದದ್ದು ಎಂಟನೆಯವರೆಗೆ. ಬೀಳ್ಕೊಡುಗೆಯ ದಿನ ಪ್ರತಿಯೊಬ್ಬರೂ ಮೈಕಿನ ಮುಂದೆ ನಿಂತು ಶಾಲೆಯ ಒಂದು ನೆನಪು, ಮುಂದಿನ ಒಂದು ಆಸೆ ಹೇಳಬೇಕು. ಹೇಳುವವರು ಮಕ್ಕಳಾದರೂ ಏನು ಹೇಳಬೇಕೆಂದು ತೀರ್ಮಾನಿಸುವವರು ವಿಜ್ಞಾನದ ಮೇಡಂ. ಅವರ ತಾಲೀಮಿನಲ್ಲಿ ಲಾರಿ ಓಡಿಸಬೇಕು ಎಂದಿದ್ದ ಹುಡುಗ ಎಂಜಿನಿಯರಾದ, ಕೇಕಿನ ಅಂಗಡಿ ಇಡುತ್ತೇನೆ ಎಂದವಳು ಟೀಚರಾದಳು. ಚಿಕ್ಕವಳ ಸರದಿ ಬಂದಾಗ ಮೇಡಂ ಕೇಳುವ ಗೋಜಿಗೇ ಹೋಗಲಿಲ್ಲ.

“ನಿಂದು ಸುಲಭ ಬಿಡು. ಅಕ್ಕ ಓದಿದ ಶಾಲೇಲಿ ಓದಿದ್ದೇ ನನ್ನ ಭಾಗ್ಯ ಅನ್ನು. ಅಕ್ಕನ ಹಾಗೇ ಡಾಕ್ಟರ್ ಓದ್ತೀನಿ ಅನ್ನು. ಅಷ್ಟೇ.”

“ಅಕ್ಕ ಇನ್ನೂ ಪಿಯುಸಿಗೇ ಸೇರಿಲ್ಲ ಮೇಡಂ.”

“ಆಗ್ತಾಳಲ್ಲ? ನೀನು ಬಾಯಿಪಾಠ ಮಾಡು.”

ಬಾಯಿಪಾಠ ಮಾಡಿದಳು. ಆದರೆ ಅವತ್ತು ಮೈಕಿನ ಮುಂದೆ ನಿಂತಾಗ ಬಾಯಿಗೆ ಬಂದದ್ದು ಗಡಿಯಾರದ ಕತೆ. ಸ್ಟೂಲು, ಧೂಳು, ತಿರುಪು, ಬಿಸಿಲಲ್ಲಿ ಓಡಿದ ಶಾಲೆ. ಮೊದಲು ಹುಡುಗರು ಕಿಸಕ್ಕೆಂದರು, ಆಮೇಲೆ ಅಪ್ಪ ಅಮ್ಮಂದಿರು ನಕ್ಕರು, ಕೊನೆಗೆ ಜವಾನನೂ ಹೊಟ್ಟೆ ಹಿಡಿದುಕೊಂಡ. ಚಿಕ್ಕವಳಿಗೆ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಇಷ್ಟು ಜನ ತನ್ನನ್ನೇ ನೋಡುತ್ತಿದ್ದಾರೆ, ತನ್ನನ್ನು ಮಾತ್ರ. ಇನ್ನು ಆಸೆ ಹೇಳಬೇಕು ಎಂದು ಉಸಿರೆಳೆದುಕೊಂಡಳು.

ಅಷ್ಟರಲ್ಲಿ ಮೇಡಂ ಮೈಕು ಕಿತ್ತುಕೊಂಡರು. “ನೋಡಿದ್ರಾ, ಥೇಟ್ ಅಕ್ಕನ ಹಾಗೇ ಮಾತಾಡ್ತಾಳೆ! ಅಕ್ಕನ ಹಾಗೇ ಡಾಕ್ಟರೂ ಆಗ್ತಾಳೆ. ಎಲ್ರೂ ಒಂದು ಚಪ್ಪಾಳೆ ಕೊಡಿ ನಮ್ಮ ತಂಗಿಗೆ.”

ಚಪ್ಪಾಳೆ ಬಿತ್ತು. ಎಲ್ಲರಿಗಿಂತ ಜೋರಾಗಿ ತಟ್ಟಿದವರು ಅಪ್ಪ.

ರಾತ್ರಿ ಊಟಕ್ಕೆ ಕೂತಾಗ ಅಪ್ಪ ಸಂಭ್ರಮದಲ್ಲೇ ಇದ್ದರು. ಅಕ್ಕ ಓದಿದ ಹೈಸ್ಕೂಲಿನ ಹೆಡ್ಮಾಸ್ಟರು ಪರೀಕ್ಷೆಯನ್ನೂ ಮಾಡದೆ ಸೀಟು ಕೊಡುತ್ತಾರಂತೆ, ಆ ಹುಡುಗಿಯ ತಂಗಿಯೆಂದರೆ ಕಣ್ಣು ಮುಚ್ಚಿ ಸೇರಿಸಿಕೊಳ್ಳುತ್ತೇವೆ ಎಂದರಂತೆ. ಚಿಕ್ಕವಳು ತಟ್ಟೆ ತಳ್ಳಿದಳು.

“ನಾನು ಅಲ್ಲಿಗೆ ಹೋಗಲ್ಲ. ನನಗೆ ವರ್ಕ್‌ಶಾಪ್ ಇರೋ ಶಾಲೆ ಬೇಕು. ಏನಾಗ್ತೀಯಾ ಅಂತ ನನ್ನನ್ನ ಒಂದು ಸಲನಾದ್ರೂ ಕೇಳಿದೀರಾ ನೀವು? ಅಲ್ಲಿಯಾದ್ರೂ ನನಗೆ ಅಕ್ಕ ಇದ್ದಾಳೆ ಅಂತ ಯಾರಿಗೂ ಗೊತ್ತಾಗಬಾರ್ದು. ಸಾಕಾಗಿಹೋಗಿದೆ ನನಗೆ.”

ಬಡಿಸುತ್ತಿದ್ದ ಅಮ್ಮನ ಕೈ ಹಾಗೇ ನಿಂತಿತು. ಅಪ್ಪ ಬೈಯಲು ಬಾಯಿ ತೆರೆದರು. ಅಕ್ಕ ತಲೆ ಎತ್ತಲಿಲ್ಲ, ಅನ್ನ ಕಲಸುತ್ತಲೇ ಹೇಳಿದಳು, “ಅವಳಿಗೆ ಎಲ್ಲಿ ಬೇಕೋ ಅಲ್ಲಿಗೇ ಸೇರಿಸಿ ಅಪ್ಪಾ.”

“ಹಾಗಂತೀಯಾ?” ಎಂದರು ಅಪ್ಪ. “ಸರಿ, ನೀನು ಹೇಳಿದ ಮೇಲೆ ಮುಗೀತು.”

ಚಿಕ್ಕವಳು ಇಷ್ಟು ದಿನ ಕಾದದ್ದು ಸಿಕ್ಕಿಬಿಟ್ಟಿತು, ಆದರೂ ತಳ್ಳಿದ ತಟ್ಟೆಯನ್ನು ಅವಳು ಮತ್ತೆ ಎಳೆದುಕೊಳ್ಳಲಿಲ್ಲ. ತಾನು ಗಂಟಲು ಹರಿದುಕೊಂಡದ್ದಕ್ಕೆ ಬೆಲೆಯಿಲ್ಲ, ಅಕ್ಕ ಗೊಣಗಿದ್ದಕ್ಕೆ ಮರುಮಾತಿಲ್ಲ. ತನ್ನ ಆಸೆಗೂ ಅಕ್ಕನದೇ ಶಿಫಾರಸು ಬೇಕಾಯಿತಲ್ಲ ಎಂದು ಅವತ್ತು ಗೋಡೆಗೆ ಮುಖ ಮಾಡಿ ಮಲಗಿದಳು.

ಸೀಟಿಗೆ ಹೋಗುವ ದಿನ ಅಪ್ಪ ಅಕ್ಕನನ್ನೂ ಹೊರಡಿಸಿದರು. “ನೀನೂ ಬಾ. ನಿನ್ನನ್ನ ನೋಡಿದ್ರೆ ಅವರು ಎರಡನೇ ಮಾತಾಡಲ್ಲ.” ಜೇಬಿನಲ್ಲಿ ಪದಕವನ್ನೂ ಇಟ್ಟುಕೊಂಡರು. ಬಸ್ಸಿನಲ್ಲಿ ಚಿಕ್ಕವಳು ಬೇರೆಯೇ ಸೀಟಿನಲ್ಲಿ ಕೂತು ಕಿಟಕಿಗೆ ಹಣೆ ಒತ್ತಿಕೊಂಡಿದ್ದಳು. ಹೊಸ ಶಾಲೆಯ ಬಾಗಿಲು ತೆರೆಯುವ ಮೊದಲೇ ಅಲ್ಲೂ ತಾನು ತಂಗಿಯಾಗಿಬಿಟ್ಟೆ ಎಂದು ಅವಳಿಗೆ ಅಳು ಬರುವಂತಾಗಿತ್ತು.

ಆ ಶಾಲೆಯ ಹೆಡ್ಮಾಸ್ಟರು ತೋಳು ಮಡಿಸಿದ ಅಂಗಿ ತೊಟ್ಟ, ಉಗುರ ಸಂದಿಯಲ್ಲಿ ಗ್ರೀಸು ಕೂತ ಮನುಷ್ಯ. ಗೋಡೆಯಾಚೆ ಕಬ್ಬಿಣ ಉಜ್ಜುವ ಸದ್ದು ಕೇಳುತ್ತಿತ್ತು. ಅವರು ಮೂವರನ್ನೂ ನೋಡಿ ಅಕ್ಕನ ಕಡೆ ಬೊಟ್ಟು ಮಾಡಿದರು. “ಇವಳು ಯಾರು?”

ಅಪ್ಪನ ಎದೆ ಉಬ್ಬಿತು, ಕೈ ಜೇಬಿಗಿಳಿಯಿತು. ಅವರಿಗಿಂತ ಮೊದಲು ಅಕ್ಕನೇ ಹೇಳಿದಳು, “ನಾನು ಪಕ್ಕದ ಮನೆಯವಳು ಸರ್. ಸುಮ್ನೆ ಜೊತೆಗೆ ಬಂದೆ.”

ಅಪ್ಪನಿಗೆ ಕೆಮ್ಮು ಹತ್ತಿತು.

“ಹಾಗಾದ್ರೆ ನೀನು ಹೊರಗೆ ಕೂತಿರಮ್ಮ. ಮನೆಯವರ ಹತ್ರ ಮಾತಾಡೋದಿದೆ,” ಎಂದರು ಹೆಡ್ಮಾಸ್ಟರು. ಅಕ್ಕ “ಆಗ್ಲಿ ಸರ್” ಎಂದು ಎದ್ದು, ಕುರ್ಚಿಯನ್ನು ಸದ್ದಾಗದ ಹಾಗೆ ಸರಿಸಿ ಹೋದಳು. ಬಾಗಿಲು ಮುಚ್ಚಿತು.

ಹೆಡ್ಮಾಸ್ಟರು ಚಿಕ್ಕವಳ ಕಡೆ ಬಾಗಿದರು. “ನೀನು ಹೇಳು ಮಗಾ. ಯಾಕೆ ಇಲ್ಲೇ ಸೇರಬೇಕು ನಿನಗೆ? ಮುಂದೆ ಏನು ಮಾಡಬೇಕು ಅಂತಿದೀಯ?”

ಹುಟ್ಟಿದಾಗಿನಿಂದ ಯಾರಾದರೂ ಕೇಳಲಿ ಎಂದು ಕಾದ ಪ್ರಶ್ನೆ. ಅಕ್ಕನಿಲ್ಲದ ಕೋಣೆ. ಉತ್ತರವೂ ತುದಿನಾಲಿಗೆಯ ಮೇಲೇ ಇತ್ತು. ಆದರೆ ಬಾಗಿಲಿನ ಗಾಜಿನಾಚೆ ಅಕ್ಕನ ಬೆನ್ನು ಕಾಣುತ್ತಿತ್ತು. ಬೇರೆ ಯಾರದೋ ಮಗಳ ಹಾಗೆ ಬೆಂಚಿನ ತುದಿಯಲ್ಲಿ ಕೂತಿದ್ದಳು. ಚಿಕ್ಕವಳಿಗೆ ಸಿಟ್ಟು ನೆತ್ತಿಗೇರಿತು. ಯಾರ ಮೇಲೆ ಎಂದು ಕೇಳಿದ್ದರೆ ಅವಳಿಗೂ ಗೊತ್ತಿರಲಿಲ್ಲ. ಕಣ್ಣು ತುಂಬಿದ್ದನ್ನು ತೋಳಿನಿಂದ ಒರೆಸಿಕೊಂಡಳು.

“ಸರ್, ಮೊದಲು ಅವಳನ್ನ ಒಳಗೆ ಕರೀರಿ. ಅವಳು ನನ್ನ ಅಕ್ಕ.”

ಹೆಡ್ಮಾಸ್ಟರು ಹುಬ್ಬೇರಿಸಿದರು. “ಮತ್ತೆ ಪಕ್ಕದ ಮನೆಯವಳು ಅಂದಳಲ್ಲ?”

“ಸುಳ್ಳು ಹೇಳಿದಳು ಸರ್,” ಎಂದಳು ಚಿಕ್ಕವಳು ಬಿಕ್ಕುತ್ತ. “ಅದೊಂದರಲ್ಲಾದ್ರೂ ನಾನೇ ಮುಂದೆ ಅಂದ್ಕೊಂಡಿದ್ದೆ.”