ಮಂಜಗುಣಿಯ ದಂಡೆಯಲ್ಲಿ ಮೀನು ಬಾಚಿದವರು

ದೆವ್ವ, ಭೂತ, ಸತ್ತವರು ಕಾಣಿಸಿಕೊಂಡರು ಎಂದು ಯಾರಾದರೂ ಬಾಯಿ ತೆರೆದರೆ ಗೇಲಿ ಮಾಡದೆ ಬಿಟ್ಟವನಲ್ಲ ನಾನು. ಪ್ಯಾರಾಗ್ಲೈಡರ್‌ನಲ್ಲಿ ಜನರನ್ನು ಹಾರಿಸುವುದು ನನ್ನ ಹೊಟ್ಟೆಪಾಡು. ನಂಬಿದರೆ ಗಾಳಿಯನ್ನು ನಂಬಬೇಕು, ಅದೂ ಮೊಬೈಲಿನಲ್ಲಿ ಹವಾಮಾನ ನೋಡಿದ ಮೇಲೆ. ಉಳಿದದ್ದೆಲ್ಲ ಬರೀ ಬೊಗಳೆ ಎಂದೇ ತಿಳಿದಿದ್ದೆ. ಈಗಲೂ ಹೆಚ್ಚುಕಮ್ಮಿ ಹಾಗೇ ಇದ್ದೇನೆ. ಆದರೆ ಕೆಲವು ವರ್ಷಗಳ ಹಿಂದೆ ನಡೆದ ಈ ಒಂದು ಸಂಗತಿಯನ್ನು ಏನು ಮಾಡುವುದೋ ಗೊತ್ತಾಗುತ್ತಿಲ್ಲ.

ನಮ್ಮ ಆಯಿ ಹುಟ್ಟಿ ಬೆಳೆದದ್ದು ಮಂಜಗುಣಿಯ ಮೀನುಗಾರರ ಮನೆಯಲ್ಲಿ. "ಊರವರ್ನೆಲ್ಲಾ ಹಾರಸ್ತೆ, ಹೆತ್ತವ್ಳನ್ನ ಯಾವಾಗ ಹಾರಸ್ತೆ?" ಎಂದು ನನ್ನ ತಲೆ ತಿನ್ನುತ್ತಿದ್ದಳು. ಅವಳ ತವರಿನ ದಂಡೆಯ ಮೇಲೇ ಹಾರಿಸೋಣವೆಂದು ಒಂದು ದಿನ ಗೊತ್ತುಮಾಡಿದೆ. ಅಲ್ಲಿ ಇಳಿಯುವುದು ತಾಪತ್ರಯದ ಕೆಲಸ. ಮಳೆಗಾಲ ಹತ್ತಿರವಾದಾಗ ಹೆಂಗಸರು ಮರಳಿನ ತುಂಬ ಮೀನು ಒಣಹಾಕಿರುತ್ತಾರೆ, ಅದರ ಮೇಲೆ ಕಾಲಿಟ್ಟರೆ ಜನ್ಮ ಜಾಲಾಡಿಬಿಡುತ್ತಾರೆ. ಅಂದು ಮಾತ್ರ ಕೇರಿಗೆ ಕೇರಿಯೇ ಮದುವೆಗೆಂದು ಕಾರವಾರಕ್ಕೆ ಹೋಗಿತ್ತು. ಬೆಳಿಗ್ಗೆ ನಾನೇ ದಂಡೆಯುದ್ದಕ್ಕೂ ನಡೆದು ನೋಡಿದ್ದೆ. ಮೀನೂ ಇರಲಿಲ್ಲ, ಒಂದು ನರಪಿಳ್ಳೆಯೂ ಇರಲಿಲ್ಲ.

ಗುಡ್ಡದ ಪಡುವಣ ಇಳಿಜಾರಿನಲ್ಲಿ ನಿಂತು ಹವಾಮಾನವನ್ನು ಮತ್ತೆ ಮತ್ತೆ ನೋಡಿದೆ. ಕಡಲ ಕಡೆಯಿಂದ ಹದವಾದ ಗಾಳಿ, ಸಂಜೆಯವರೆಗೆ ಮಳೆಯಿಲ್ಲ ಎಂದೇ ತೋರಿಸುತ್ತಿತ್ತು. ಆದರೂ ಹೆತ್ತವಳನ್ನು ಮುಂದೆ ಕಟ್ಟಿಕೊಂಡು ಹಾರುವುದಲ್ಲವೇ, ಅವಳ ಪಟ್ಟಿಗಳನ್ನೆಲ್ಲ ಮತ್ತೊಮ್ಮೆ ಎಳೆದು ನೋಡಿಯೇ ಗುಡ್ಡದಿಂದ ಹಾರಿದೆ. ಆಯಿ ಮೊದಲು ಕಿರುಚಿದಳು, ಆಮೇಲೆ ನಗಲಿಕ್ಕೆ ಶುರುಮಾಡಿದಳು.

ಸ್ವಲ್ಪ ಹೊತ್ತಿಗೆ ಆ ನಗು ನಿಂತಿತು. "ತಮಾ, ಬೇಗ ಇಳಸ. ಕೆಳಗೆ ಮೀನ ಬಾಚ್ತೇ ಇದ್ರು ನೋಡ," ಎಂದಳು.

ನೋಡಿದೆ. ಮರಳಿನ ಮೇಲೆ ಹೆಂಗಸರಿದ್ದರು. ಬಗ್ಗಿ ಬಗ್ಗಿ, ಅವಸರ ಅವಸರವಾಗಿ ಒಣಮೀನನ್ನು ಬುಟ್ಟಿಗೆ ಬಾಚುತ್ತಿದ್ದರು. ಒಬ್ಬಳು ತಲೆಯೆತ್ತಿ ನಮ್ಮತ್ತ ಕೈ ಬೀಸುತ್ತಿದ್ದಳು. ದಂಡೆಯಲ್ಲಿ ಬೆಳೆದವನಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಮಳೆ ಬಂತು ಎಂದೇ ಲೆಕ್ಕ. ಕತ್ತು ತಿರುಗಿಸಿದೆ. ಅಲ್ಲಿಯವರೆಗೆ ಗುಡ್ಡ ಮರೆಮಾಡಿದ್ದ ಆಕಾಶ, ಗುಡ್ಡದ ಹಿಂದಿನ ಹಿಲ್ಲೂರಿನ ಕಡೆಯಿಂದ ಕಪ್ಪಗೆ ಎದ್ದು ಬರುತ್ತಿತ್ತು. ಆ ಮೋಡದ ಗಾಳಿ ಗುಡ್ಡ ದಾಟಿ ಬಂದರೆ ನಮ್ಮ ಬಟ್ಟೆಯ ರೆಕ್ಕೆಯನ್ನು ಮಡಚಿಬಿಡುತ್ತದೆ, ಆಯಿ ನನ್ನ ಕೈಯಲ್ಲೇ ಹೋಗುತ್ತಾಳೆ. ಸುತ್ತು ಹಾಕುತ್ತ ಹಾಕುತ್ತ ಇಳಿಸಿದೆ.

ಕಾಲು ಮರಳಿಗೆ ತಾಗಿದಾಗ ಸುತ್ತ ಯಾರೂ ಇರಲಿಲ್ಲ. ಬುಟ್ಟಿಯಿಲ್ಲ, ಒಂದು ಒಣಮೀನಿನ ಚೂರೂ ಇಲ್ಲ. ಯೋಚಿಸಲು ಪುರಸೊತ್ತೆಲ್ಲಿ? ರೆಕ್ಕೆಯನ್ನು ಅವುಚಿ ಹಿಡಿದು ಅದರ ಮೇಲೆ ಬೀಳುವಷ್ಟರಲ್ಲಿ ಗಾಳಿ ಅಪ್ಪಳಿಸಿತು. ತೆಂಗಿನ ಗರಿಗಳು ಮುರಿದು ಹಾರಿಬಂದು ಬೀಳುತ್ತಿದ್ದವು. ಆಯಿಯನ್ನು ತಬ್ಬಿಕೊಂಡು ಮಗುವಿನ ಹಾಗೆ ಅತ್ತೆ.

ಸಂಜೆ ಮದುವೆಯಿಂದ ಬಂದ ಮಾವನನ್ನು, ಎಂದರೆ ಆಯಿಯ ಅಣ್ಣನನ್ನು, ಕೇಳಿದೆ. "ಕೇರೀಲಿ ಯಾರೂ ಉಳ್ಕಂಡಿರ್ಲಿಲ್ಲ ಮಾರಾಯಾ, ಮೀನ ಎಲ್ಲಿಂದ ಬರ್ಬೇಕು?" ಎಂದು ಮಾವ ನಕ್ಕರು.

ಮೋಡದ ನೆರಳಿರಬಹುದು. ಆಯಿ ಹೇಳಿದ್ದಕ್ಕೇ ನನಗೂ ಹಾಗೆ ಕಂಡಿರಬಹುದು. ಆದರೆ ಆಯಿಗೆ ಕಂಡದ್ದು ಹೇಗೆ? ಇಷ್ಟು ವರ್ಷವಾದರೂ ನನ್ನ ಬುದ್ಧಿಗೆ ಹೊಳೆದಿಲ್ಲ.

ಮರುವರ್ಷ, ಇನ್ನೊಮ್ಮೆ ಹಾರೋಣವೇ ಎಂದು ಅವಳನ್ನು ಕೇಳಿದ್ದೆ. "ಬ್ಯಾಡ ತಮಾ. ಒಂದ್ಸಲ ಬಂದ್ರು. ಮತ್ತೆ ಮತ್ತೆ ಅವ್ರಿಗೆ ತ್ರಾಸ ಕೊಡೂದು ಬ್ಯಾಡ," ಎಂದಳು.

ಯಾರಿಗೆ ಎಂದು ಕೇಳಲು ನನಗೆ ಇವತ್ತಿಗೂ ಧೈರ್ಯ ಬಂದಿಲ್ಲ.